ರಾಷ್ಟ್ರಧ್ವಜ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ವರ್ಷಗಳಲ್ಲಿ ಧ್ವಜ ಕಟ್ಟುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. ನಿವೃತ್ತನಾದ ಮೇಲೆ ಕಟ್ಟುವುದು ತಪ್ಪಿತಾದರೂ ಅದರ ಬಗ್ಗೆ ಕೇಳುವವರು ತಪ್ಪಲಿಲ್ಲ. ಜುಲೈ ಕೊನೆಯ ವಾರ ಬಂತೆಂದರೆ ಹಳೆಯ ವಿದ್ಯಾರ್ಥಿಗಳು, ಬಡಾವಣೆಯ ಸಂಘದವರು, ಚಿತ್ರದುರ್ಗದ ಕಡೆಯ ಶಿಕ್ಷಕ ಮಿತ್ರರು ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಎದುರಿಗೆ ಕೇಳಿದವು, ಕಾಗದದಲ್ಲಿ ಬಂದವು ಎರಡನ್ನೂ ಸೇರಿಸಿ, ಅವರವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ.

## ಅರ್ಥ ಮತ್ತು ಹುಟ್ಟು

ಮೂರು ಬಣ್ಣಗಳಿಗೆ ನಿಜವಾದ ಅರ್ಥ ಏನು ಸರ್? ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆಯಲ್ಲ?

ಬಣ್ಣಗಳಿಗೆ ಇದೇ ಅರ್ಥವೆಂದು ವಿಧಿಸುವ ಕಾನೂನು ಯಾವುದೂ ಇಲ್ಲದಿರುವುದರಿಂದಲೇ ಪುಸ್ತಕದಿಂದ ಪುಸ್ತಕಕ್ಕೆ ಮಾತು ಬದಲಾಗುತ್ತದೆ. 1931ರಲ್ಲಿ ಕಾಂಗ್ರೆಸ್ಸು ಕೇಸರಿ, ಬಿಳಿ, ಹಸಿರು ಪಟ್ಟಿಗಳ ಧ್ವಜವನ್ನು ಒಪ್ಪಿಕೊಂಡಾಗ ಈ ಬಣ್ಣಗಳು ಯಾವ ಮತವನ್ನೂ ಸೂಚಿಸುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿತ್ತು. ಅದಕ್ಕೆ ಮೊದಲು, ಒಂದು ಬಣ್ಣ ಒಂದು ಸಮುದಾಯಕ್ಕೆ ಎಂಬ ಎಣಿಕೆಯಿಂದ ಸಾಕಷ್ಟು ಜಗಳ ನಡೆದಿದ್ದುದೇ ಆ ಸ್ಪಷ್ಟನೆಗೆ ಕಾರಣ. 1947ರ ಜುಲೈ 22ರಂದು ಸಂವಿಧಾನ ರಚನಾ ಸಭೆಯಲ್ಲಿ ಜವಾಹರಲಾಲ್ ನೆಹರೂ ಧ್ವಜದ ಗೊತ್ತುವಳಿಯನ್ನು ಮಂಡಿಸಿದಾಗಲೂ ಇದೇ ನಿಲುವನ್ನು ಹೇಳಿದರು. ಅದೇ ಚರ್ಚೆಯಲ್ಲಿ ಮಾತನಾಡಿದ ಸರ್ವಪಲ್ಲಿ ರಾಧಾಕೃಷ್ಣನ್ ಅವರು ಕೇಸರಿಯನ್ನು ತ್ಯಾಗಕ್ಕೆ, ಬಿಳಿಯನ್ನು ಸತ್ಯದ ದಾರಿ ತೋರುವ ಬೆಳಕಿಗೆ, ಹಸಿರನ್ನು ಮಣ್ಣಿನೊಂದಿಗೆ ಮತ್ತು ಸಕಲ ಜೀವವೂ ಆಶ್ರಯಿಸಿರುವ ಸಸ್ಯಲೋಕದೊಂದಿಗೆ ನಮಗಿರುವ ನಂಟಿಗೆ ಹೋಲಿಸಿದರು. ಮಕ್ಕಳಿಗೆ ಇದನ್ನು ಹೇಳಿಕೊಡುವುದು ಒಳ್ಳೆಯದು. ಹಸಿರೆಂದರೆ ಬರೀ ಸಮೃದ್ಧಿ ಎಂದು ಬಾಯಿಪಾಠ ಮಾಡಿಸುವುದಕ್ಕಿಂತ, ಮಳೆಗಾಗಿ ಮುಗಿಲು ನೋಡುವ ನಮ್ಮ ಜಗಳೂರು, ಚಳ್ಳಕೆರೆ ಕಡೆಯ ಮಕ್ಕಳಿಗೆ ಮಣ್ಣಿನ ಮಾತು ಬೇಗ ತಾಗುತ್ತದೆ.

ಚಕ್ರಕ್ಕೂ ನಮ್ಮ ಚಿತ್ರದುರ್ಗಕ್ಕೂ ಏನೋ ಸಂಬಂಧ ಇದೆ ಅಂತಾರೆ, ಹೌದಾ?

ಚಕ್ರದ ಆಕಾರ ಬಂದದ್ದು ಸಾರನಾಥದ ಸಿಂಹಸ್ತಂಭದಿಂದ. ನಾಲ್ಕು ಸಿಂಹಗಳ ಪೀಠದ ಪಟ್ಟಿಯಲ್ಲಿ ಕೆತ್ತಿರುವ ಇಪ್ಪತ್ತನಾಲ್ಕು ಅರಗಳ ಚಕ್ರವೇ ಧ್ವಜದ ಬಿಳಿಯ ಪಟ್ಟಿಯ ನಡುವೆ ಕಡುನೀಲಿಯಲ್ಲಿ ಕುಳಿತಿದೆ. ಆ ದೃಷ್ಟಿಯಿಂದ ಚಿತ್ರದುರ್ಗಕ್ಕೆ ನೇರ ಸಂಬಂಧವಿಲ್ಲ. ಆದರೆ ಚಕ್ರ ಯಾರ ಹೆಸರಿನದೋ ಆ ಅಶೋಕನ ಮಾತು ಈ ಜಿಲ್ಲೆಯ ಬಂಡೆಗಳ ಮೇಲೆ ಇಂದಿಗೂ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆ ಅವನ ಶಾಸನಗಳಿವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಲ್ಲಿನ ಅಧಿಕಾರಿಗಳಿಗೆ, ಕಳುಹಿಸಿದ ಆ ಪ್ರಾಕೃತ ಆಜ್ಞೆಯಲ್ಲಿ ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕು ಎಂದಿದೆ. ಶಾಸನ ಬರೆದ ಚಪಡನೆಂಬ ಲಿಪಿಕಾರ ಕೊನೆಯಲ್ಲಿ ತನ್ನ ವೃತ್ತಿಯನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಕೆತ್ತಿ ಹೋಗಿದ್ದಾನೆ. ವಾಯವ್ಯದ ಆ ಲಿಪಿ ಇಷ್ಟು ದೂರ ಬಂದದ್ದು ಅವನ ಜೊತೆಯಲ್ಲೇ ಇರಬೇಕು. ಇನ್ನೊಂದು ಕಾಕತಾಳೀಯವನ್ನೂ ಹೇಳದೆ ಇರಲಾರೆ: ದೆಹಲಿಯಲ್ಲಿ ಚಕ್ರವು ಧ್ವಜಕ್ಕೆ ಬಂದ 1947ನೆಯ ಇಸವಿಯಲ್ಲೇ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯಲ್ಲೂ ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲೂ ಉತ್ಖನನ ನಡೆಸಿದರು. ಆಗಸ್ಟ್ ತಿಂಗಳಲ್ಲಿ ಮಕ್ಕಳನ್ನು ಪ್ರವಾಸಕ್ಕೆ ಒಯ್ಯುವ ಶಿಕ್ಷಕರು ಕೋಟೆಯ ಜೊತೆಗೆ ಬ್ರಹ್ಮಗಿರಿಯ ಬಂಡೆಯನ್ನೂ ತೋರಿಸಿದರೆ ಚಕ್ರದ ಪಾಠ ಅಲ್ಲೇ ಮುಗಿಯುತ್ತದೆ.

ಇಪ್ಪತ್ತನಾಲ್ಕು ಅರಗಳಿಗೆ ಇಪ್ಪತ್ತನಾಲ್ಕು ಸದ್ಗುಣಗಳನ್ನು ಹೊಂದಿಸಿದ ಪಟ್ಟಿಯೊಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿರುತ್ತದೆ. ಓದಲು ಚೆನ್ನಾಗಿದ್ದರೂ ಅದು ಧ್ವಜ ಸಂಹಿತೆಯ, ಅಂದರೆ ಧ್ವಜ ಬಳಕೆಯ ಸರ್ಕಾರಿ ನಿಯಮಾವಳಿಯ, ಭಾಗವಲ್ಲ.

ಧ್ವಜ ಮಾಡಿದ್ದು ಪಿಂಗಳಿ ವೆಂಕಯ್ಯನವರು ಅಂತ ಬರೆದರೆ ಪರೀಕ್ಷೆಯಲ್ಲಿ ಅಂಕ ಕೊಡ್ತಾರಾ?

ಕೊಡುತ್ತಾರೆ, ಕೊಡಬೇಕಾದದ್ದೇ. ಆದರೆ ಉತ್ತರ ಅಷ್ಟಕ್ಕೇ ನಿಲ್ಲಬಾರದು. 1921ರಲ್ಲಿ ಬೆಜವಾಡದಲ್ಲಿ (ಇಂದಿನ ವಿಜಯವಾಡ) ವೆಂಕಯ್ಯನವರು ಗಾಂಧೀಜಿಯವರಿಗೆ ಒಪ್ಪಿಸಿದ ನಮೂನೆಯಲ್ಲಿ ಕೆಂಪು ಮತ್ತು ಹಸಿರು ಮುಖ್ಯ ಬಣ್ಣಗಳಾಗಿದ್ದವು. ಬಿಳಿಯ ಪಟ್ಟಿ ಗಾಂಧೀಜಿಯವರ ಸೂಚನೆಯಿಂದ ಸೇರಿತು. ಚರಕದ ಸಲಹೆ ಜಲಂಧರದ ಲಾಲಾ ಹಂಸರಾಜರದು. 1931ರಲ್ಲಿ ಕೆಂಪು ಹೋಗಿ ಕೇಸರಿ ಬಂದು ಪಟ್ಟಿಗಳ ಕ್ರಮ ಈಗಿನಂತಾಯಿತು. 1947ರಲ್ಲಿ ಚರಕದ ಜಾಗಕ್ಕೆ ಚಕ್ರ ಬಂತು. ಈ ಕೊನೆಯ ಬದಲಾವಣೆಗೆ ನೆಹರೂ ಸಭೆಯಲ್ಲಿ ಕೊಟ್ಟ ಕಾರಣಗಳಲ್ಲೊಂದು ತೀರಾ ವ್ಯಾವಹಾರಿಕವಾದದ್ದು: ಧ್ವಜದ ಎರಡೂ ಮಗ್ಗುಲಲ್ಲಿ ಚಿಹ್ನೆ ಒಂದೇ ರೀತಿ ಕಾಣಬೇಕು, ಚರಕವಾದರೆ ಒಂದು ಮಗ್ಗುಲಲ್ಲಿ ತಿರುಗುಮುರುಗಾಗುತ್ತದೆ. ಹೀಗಾಗಿ ಧ್ವಜವು ಒಬ್ಬರ ಕೈಯಿಂದ ಒಂದೇ ದಿನ ಇಳಿದುಬಂದದ್ದಲ್ಲ; ಕಾಲು ಶತಮಾನ ತಿದ್ದಿ ತಿದ್ದಿ ಆದದ್ದು.

ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮ ಕಡೆ ಬಾವುಟ ಹಾರಿಸಿದರೆ ಜೈಲು ಅಂತಿತ್ತಾ? ಇಲ್ಲಿ ಬ್ರಿಟಿಷರೇ ಇರಲಿಲ್ಲವಲ್ಲ?

ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಜಿಲ್ಲೆ ಮೈಸೂರು ಸಂಸ್ಥಾನದಲ್ಲಿತ್ತು. ಹರಿಹರದ ಸೇತುವೆ ದಾಟಿ ರಾಣೆಬೆನ್ನೂರಿನ ದಿಕ್ಕಿಗೆ ಹೋದರೆ ಮುಂಬಯಿ ಪ್ರಾಂತ್ಯ, ಅಂದರೆ ನೇರ ಬ್ರಿಟಿಷ್ ಆಡಳಿತ. ಒಂದೇ ತುಂಗಭದ್ರೆಯ ಎರಡು ದಡಗಳಲ್ಲಿ ಒಂದೇ ಬಾವುಟಕ್ಕೆ ಎರಡು ಸರ್ಕಾರಗಳ ಅಡ್ಡಿ. ಆಚೆ ದಡದಲ್ಲಿ, ಹುಬ್ಬಳ್ಳಿಯ ನಾ.ಸು. ಹರ್ಡೀಕರರು 1923ರ ನಾಗಪುರದ ಝಂಡಾ ಸತ್ಯಾಗ್ರಹಕ್ಕೆ ತಮ್ಮ ಸಂಗಡಿಗರೊಂದಿಗೆ ಹೋಗಿ ಸೆರೆಮನೆ ಸೇರಿದರು. ಅದೇ ವರ್ಷದ ಕೊನೆಗೆ ಅವರು ಕಟ್ಟಿದ ಹಿಂದೂಸ್ತಾನಿ ಸೇವಾದಳದ ಪರಂಪರೆಯೇ ನಮ್ಮ ಶಾಲೆಗಳಲ್ಲಿ ಧ್ವಜ ಕಟ್ಟುವುದನ್ನು ಕಲಿಸುವ ಸೇವಾದಳ. ಈಚೆ ದಡದ ಮೈಸೂರಿನಲ್ಲಿ 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧಾಜ್ಞೆಯನ್ನು ಮುರಿದು ಟಿ. ಸಿದ್ಧಲಿಂಗಯ್ಯನವರ ಮುಂದಾಳತ್ವದಲ್ಲಿ ಧ್ವಜ ಏರಿತು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗೋಲಿಬಾರ್ ಆಯಿತು. ಆ ಬಳಿಕ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದೊಂದಿಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶ ಸಿಕ್ಕಿತು. ಮರುವರ್ಷ ಎಸ್. ನಿಜಲಿಂಗಪ್ಪನವರ ನಾಯಕತ್ವದಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರ ಕಡಿದು ನಡೆದ ಅರಣ್ಯ ಸತ್ಯಾಗ್ರಹ ಬೇರೆಯೇ ಸಂಗತಿ. ಪ್ರಬಂಧ ಬರೆಯುವ ಮಕ್ಕಳು ಅದನ್ನೂ ಧ್ವಜ ಸತ್ಯಾಗ್ರಹವನ್ನೂ ಕಲಸಿಬಿಡುತ್ತಾರೆ.

## ಕೊಳ್ಳುವುದು, ಕಟ್ಟುವುದು, ಹಾರಿಸುವುದು

ಅಂಗಡಿಯಲ್ಲಿ ಧ್ವಜ ತಗೊಳ್ಳುವಾಗ ಏನೇನು ನೋಡಬೇಕು?

ಟೇಪು ಹಿಡಿದುಕೊಂಡೇ ಹೋಗಿ. ಉದ್ದ ಮತ್ತು ಅಗಲ 3:2 ಇರಬೇಕು, ಮೂರು ಪಟ್ಟಿಗಳೂ ಒಂದೇ ಅಗಲದವಾಗಿರಬೇಕು, ಚಕ್ರ ಬಿಳಿಯ ಪಟ್ಟಿಯ ಸರಿಯಾಗಿ ನಡುವೆ ದುಂಡಗೆ ಕೂತು ಎರಡೂ ಬದಿಗೆ ಕಾಣಬೇಕು, ಅರಗಳು ಇಪ್ಪತ್ತನಾಲ್ಕಿರಬೇಕು. ಧ್ವಜ ಸಂಹಿತೆಯಲ್ಲಿ 6300×4200 ಮಿಲಿಮೀಟರಿನಿಂದ ಹಿಡಿದು ಮೇಜಿನ ಮೇಲಿಡುವ 150×100ರವರೆಗೆ ಒಂಬತ್ತು ಅಳತೆಗಳಿವೆ. ಮನೆಗೆ 900×600 ಧಾರಾಳವಾಯಿತು. ಆ ಅಳತೆಯ ಧ್ವಜದಲ್ಲಿ ಚಕ್ರದ ವ್ಯಾಸ 185 ಮಿಲಿಮೀಟರು. ಶಾಲೆಯ ಕಂಬ ಎತ್ತರವಿದ್ದರೆ 1350×900 ಅಥವಾ 1800×1200 ಒಪ್ಪುತ್ತದೆ. ರಸ್ತೆಬದಿಯಲ್ಲಿ ರಾಶಿ ಹಾಕಿ ಮಾರುವ ಧ್ವಜಗಳಲ್ಲಿ ಮೊಟ್ಟೆಯಾಕಾರದ ಚಕ್ರವನ್ನೂ, ಚೌಕಕ್ಕೆ ಹತ್ತಿರವಾದ ಬಟ್ಟೆಯನ್ನೂ, ಕೇಸರಿಯ ಬದಲು ಅಪ್ಪಟ ಕೆಂಪನ್ನೂ ನೋಡಿದ್ದೇನೆ. ಅಂಥವನ್ನು ಅಗ್ಗವೆಂದು ತಂದು ಹಾರಿಸುವುದಕ್ಕಿಂತ ಈ ವರ್ಷ ಸುಮ್ಮನಿದ್ದು, ಮುಂದಿನ ವರ್ಷಕ್ಕೆ ಒಳ್ಳೆಯದನ್ನೇ ತರಿಸುವುದು ಮೇಲು.

ಖಾದಿಯದೇ ಆಗಬೇಕಾ? ಪಾಲಿಯೆಸ್ಟರ್ ಹಾರಿಸಿದರೆ ತಪ್ಪಾ?

ಈಗ ತಪ್ಪಲ್ಲ. 2021ರ ಡಿಸೆಂಬರ್ 30ರ ತಿದ್ದುಪಡಿಯವರೆಗೆ ಕೈಯಿಂದ ನೂತು ಕೈಮಗ್ಗದಲ್ಲಿ ನೇಯ್ದ ಬಟ್ಟೆ ಕಡ್ಡಾಯವಾಗಿತ್ತು. ಆ ತಿದ್ದುಪಡಿಯಿಂದ ಯಂತ್ರದಲ್ಲಿ ತಯಾರಾದ ಬಟ್ಟೆಗೂ ಪಾಲಿಯೆಸ್ಟರಿಗೂ ಅವಕಾಶ ಬಂತು. 2022ರ ಆಗಸ್ಟ್‌ನಲ್ಲಿ ಮನೆಮನೆಗೂ ಧ್ವಜವೆಂಬ ಅಭಿಯಾನ ನಡೆದಾಗ ಅಷ್ಟು ಧ್ವಜಗಳು ಬೇಗ ಸಿಕ್ಕಿದ್ದು ಇದರಿಂದಲೇ.

ನನ್ನ ಒಲವು ಮಾತ್ರ ಖಾದಿಯ ಕಡೆಗೇ. ಅದನ್ನು ಬಚ್ಚಿಡುವುದಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಮುದ್ರೆಯೊಂದಿಗೆ ಧ್ವಜ ತಯಾರಿಸುತ್ತದೆ. ಬಟ್ಟೆಯ ನೇಯ್ಗೆಯಲ್ಲಿ ಧಾರವಾಡದ ಗರಗ ಮತ್ತು ಬಾಗಲಕೋಟೆಯ ತುಳಸಿಗೇರಿಯ ಹೆಸರು ಹಳೆಯದು. ಸ್ವತಂತ್ರ ಭಾರತದಲ್ಲಿ ಮಾನಕ ಪಟ್ಟಿಯ ಒಂದನೆಯ ಸಂಖ್ಯೆಯನ್ನು ಕೊಟ್ಟದ್ದೇ ರಾಷ್ಟ್ರಧ್ವಜಕ್ಕೆ, 1951ರಲ್ಲಿ. ಹಾರುವ ಭಾಗಕ್ಕೆ ಒಂದು ಬಗೆಯ ಬಟ್ಟೆ, ಹಗ್ಗ ಹಾಯುವ ಅಂಚಿಗೆ ಅದಕ್ಕಿಂತ ದಪ್ಪನೆಯ ಬಟ್ಟೆ, ಎಳೆಗಳ ಲೆಕ್ಕ, ಬಣ್ಣ ಬಿಡದಿರುವ ಗುಣ, ಎಲ್ಲಕ್ಕೂ ಅದರಲ್ಲಿ ನಿಯಮವಿದೆ. ಹತ್ತಿಯ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯವರಿಗೆ, ನೂಲು ತೆಗೆಯಲು ಬೇಕಾದ ಹಂಜಿಯನ್ನು ತಯಾರಿಸುವ ಖಾದಿ ಆಯೋಗದ ಘಟಕವನ್ನು ಪಕ್ಕದಲ್ಲೇ ಇಟ್ಟುಕೊಂಡಿರುವ ಚಿತ್ರದುರ್ಗದವರಿಗೆ, ಹತ್ತಿಯ ಧ್ವಜ ಬೇರೆಯವರದೆಂದು ಅನಿಸಬಾರದು. ಆದರೂ ಒಂದು ಮಾತು ಒಪ್ಪಬೇಕು: ವರ್ಷವಿಡೀ ಬಿಸಿಲು ಮಳೆಗೆ ಹಾರುವ ಕಂಬದಲ್ಲಿ ಖಾದಿ ನೀರು ಕುಡಿದು ಭಾರವಾಗಿ ಜೋತುಬೀಳುತ್ತದೆ. ಅಂಥ ಕಡೆ ಪಾಲಿಯೆಸ್ಟರ್ ಕಟ್ಟಿದವರನ್ನು ನಾನು ದೂರುವುದಿಲ್ಲ.

ಮನೆ ಮೇಲೆ ಹಾರಿಸೋದಕ್ಕೆ ಯಾರದಾದರೂ ಪರ್ಮಿಷನ್ ಬೇಕಾ? ಸಂಜೆ ಇಳಿಸಲೇಬೇಕಾ?

ಅನುಮತಿ ಬೇಡ. 2002ರ ಜನವರಿ 26ರಂದು ಜಾರಿಗೆ ಬಂದ ಭಾರತದ ಧ್ವಜ ಸಂಹಿತೆಯು ಸಾಮಾನ್ಯ ನಾಗರಿಕರಿಗೆ ವರ್ಷದ ಯಾವ ದಿನವಾದರೂ ಗೌರವಪೂರ್ವಕವಾಗಿ ಧ್ವಜ ಹಾರಿಸುವ ಅವಕಾಶ ಕೊಟ್ಟಿತು. ಅದಕ್ಕೆ ಮೊದಲು ಗೊತ್ತುಪಡಿಸಿದ ಕೆಲವು ದಿನಗಳಲ್ಲಿ ಮಾತ್ರ ಹಾರಿಸಬಹುದಿತ್ತು. ನವೀನ್ ಜಿಂದಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2004ರ ಜನವರಿ 23ರಂದು, ಗೌರವದಿಂದ ಧ್ವಜ ಹಾರಿಸುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ, ಆದರೆ ಅದು ನಿರ್ಬಂಧಗಳಿಗೆ ಒಳಪಟ್ಟ ಹಕ್ಕು ಎಂದು ತೀರ್ಪಿತ್ತಿತು. ಸೂರ್ಯಾಸ್ತಕ್ಕೆ ಇಳಿಸಬೇಕೆಂಬ ನಿಯಮವನ್ನು 2022ರ ಜುಲೈನಲ್ಲಿ ಸಡಿಲಿಸಿದ್ದಾರೆ. ಈಗ ಮನೆಯ ಮೇಲಿನ ಧ್ವಜ ಹಗಲೂ ರಾತ್ರಿಯೂ ಇರಬಹುದು. ಆದರೆ ಆಗಸ್ಟ್ 13ಕ್ಕೆ ಕಟ್ಟಿ ಗಣೇಶನ ಹಬ್ಬ ಮುಗಿದರೂ ಇಳಿಸುವುದನ್ನು ಮರೆತ ಮನೆಗಳು ನಮ್ಮ ಬಡಾವಣೆಯಲ್ಲೇ ಇವೆ. ಹರಿದ, ಮಾಸಿದ ಧ್ವಜವನ್ನು ಹಾರಿಸುವಂತಿಲ್ಲ ಎಂಬ ನಿಯಮವನ್ನು ಯಾರೂ ಸಡಿಲಿಸಿಲ್ಲ.

ಆಗಸ್ಟ್ 15ಕ್ಕೆ ಕೆಳಗಿನಿಂದ ಏರಿಸಬೇಕು, ಜನವರಿ 26ಕ್ಕೆ ಮೇಲೆಯೇ ಕಟ್ಟಿ ಬಿಚ್ಚಬೇಕು ಅನ್ನೋದು ನಿಜವಾ?

ದೆಹಲಿಯಲ್ಲಿ ಆ ವ್ಯತ್ಯಾಸವನ್ನು ಕಾಣಬಹುದು: ಕೆಂಪುಕೋಟೆಯಲ್ಲಿ ಪ್ರಧಾನಿ ಧ್ವಜವನ್ನು ಮೇಲೇರಿಸುತ್ತಾರೆ, ಗಣರಾಜ್ಯೋತ್ಸವದಲ್ಲಿ ರಾಷ್ಟ್ರಪತಿ ಮೇಲಿರುವ ಧ್ವಜವನ್ನು ಬಿಡಿಸುತ್ತಾರೆ. ಆದರೆ ಶಾಲೆ, ಸಂಘ, ಮನೆಗಳಿಗೆ ಧ್ವಜ ಸಂಹಿತೆ ಹಾಗೊಂದು ಭೇದವನ್ನು ವಿಧಿಸಿಲ್ಲ. ಚುರುಕಾಗಿ ಏರಿಸಬೇಕು, ನಿಧಾನವಾಗಿ ಗಂಭೀರವಾಗಿ ಇಳಿಸಬೇಕು ಎಂದಷ್ಟೇ ಅದರ ಮಾತು. ಮಡಿಸಿದ ಧ್ವಜದೊಳಗೆ ಹೂವಿನ ಎಸಳುಗಳನ್ನು ಇಡುವುದಕ್ಕೂ ಸಂಹಿತೆಯ ಒಪ್ಪಿಗೆಯಿದೆ. ಎಸಳು ಮಾತ್ರ, ಇಡೀ ಹೂವಲ್ಲ. ಸೇವಂತಿಗೆಯ ತೊಟ್ಟು ಕುಣಿಕೆಗೆ ಸಿಕ್ಕಿಕೊಂಡು ಅತಿಥಿಗಳು ಹಗ್ಗ ಜಗ್ಗುತ್ತಲೇ ನಿಂತ ಅನುಭವ ನನಗಿದೆ.

ಹಗ್ಗ ಎಳೆದರೆ ಗಂಟು ಬಿಚ್ಚಲಿಲ್ಲ, ಇಲ್ಲವೇ ಧ್ವಜ ತಲೆಕೆಳಗಾಯಿತು ಅಂದರೆ ಕೇಸ್ ಆಗುತ್ತಾ?

ಅತಿ ಹೆಚ್ಚು ಭಯದಿಂದ ಕೇಳುವ ಪ್ರಶ್ನೆ ಇದು. ರಾಷ್ಟ್ರೀಯ ಗೌರವಗಳಿಗೆ ಅಪಮಾನ ತಡೆ ಅಧಿನಿಯಮ, 1971ರ ಪ್ರಕಾರ ಸಾರ್ವಜನಿಕವಾಗಿ ಧ್ವಜವನ್ನು ಸುಡುವುದು, ಹರಿಯುವುದು, ತುಳಿಯುವುದು, ಅವಹೇಳನ ಮಾಡುವುದು ಮೂರು ವರ್ಷದವರೆಗಿನ ಸೆರೆ ಅಥವಾ ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ. ಆದರೆ ಕೇಸರಿಯನ್ನು ಕೆಳಗೆ ಮಾಡಿ ಹಾರಿಸುವುದು, ಧ್ವಜ ನೆಲಕ್ಕೆ ತಾಗುವಂತೆ ಮಾಡುವುದು, ಇವುಗಳ ವಿಷಯದಲ್ಲಿ ಕಾಯಿದೆಯು 'ಉದ್ದೇಶಪೂರ್ವಕವಾಗಿ' ಎಂಬ ಪದವನ್ನು ಸೇರಿಸಿದೆ. ಕೈತಪ್ಪು ಬೇರೆ, ಉದ್ದೇಶ ಬೇರೆ.

ಹಾಗೆಂದು ಉದಾಸೀನ ಕೂಡದು. ಒಂದು ವರ್ಷ ನಾನೇ ಕಟ್ಟಿದ್ದ ಧ್ವಜ ಹಸಿರು ಮೇಲಾಗಿ ಬಿಚ್ಚಿಕೊಂಡಿತು. ರಾತ್ರಿ ಕರೆಂಟು ಹೋಗಿದ್ದಾಗ ಟಾರ್ಚಿನ ಬೆಳಕಿನಲ್ಲಿ ಕಟ್ಟಿದ್ದೆ. ಬೆಳಿಗ್ಗೆ ಮತ್ತೊಮ್ಮೆ ನೋಡದೆ ಇದ್ದದ್ದು ನನ್ನ ತಪ್ಪು. ಯಾರೋ ಆಗಲೇ ರಾಷ್ಟ್ರಗೀತೆ ಆರಂಭಿಸಿದ್ದರು. ಹಾಡು ಮುಗಿಯುವವರೆಗಿನ ಆ ಐವತ್ತೆರಡು ಸೆಕೆಂಡು ನನ್ನ ಪಾಲಿಗೆ ತೀರಾ ದೀರ್ಘವಾದವು. ಮುಗಿದೊಡನೆ ಧ್ವಜವನ್ನು ನಿಧಾನವಾಗಿ ಇಳಿಸಿ, ಸರಿಪಡಿಸಿ, ಮತ್ತೆ ಏರಿಸಿ ಎಲ್ಲರ ಮುಂದೆ ತಪ್ಪೊಪ್ಪಿಕೊಂಡೆ. ಅಂದಿನಿಂದ ನನ್ನ ಪದ್ಧತಿ ಹೀಗೆ: ಹಿಂದಿನ ದಿನವೇ ರಾಟೆಗೆ ಎಣ್ಣೆ ಬಿಡುವುದು, ಹೊಸ ನೈಲಾನ್ ಹಗ್ಗ ಜಾರುವುದರಿಂದ ಬಳಸಿದ ಹಗ್ಗವನ್ನೇ ಇಟ್ಟುಕೊಳ್ಳುವುದು, ಧ್ವಜದ ಕೇಸರಿ ಮೂಲೆಯನ್ನು ಹಗ್ಗದ ಮೇಲ್ತುದಿಗೆ ಕಟ್ಟಿದ ಮೇಲೆ ಇನ್ನೊಬ್ಬರಿಂದ ಪರೀಕ್ಷೆ ಮಾಡಿಸುವುದು, ಎಳೆಯುವ ಕುಣಿಕೆಯನ್ನು ಒಂದೇ ಸುತ್ತಿನ ಜಾರುಗಂಟು ಹಾಕುವುದು, ಬೆಳಿಗ್ಗೆ ಆರು ಗಂಟೆಗೆ ಒಮ್ಮೆ ಏರಿಸಿ ಬಿಡಿಸಿ ನೋಡಿ ಮತ್ತೆ ಕಟ್ಟುವುದು. ಮಳೆಯಲ್ಲಿ ನೆನೆದ ಗಂಟು ಬಿಗಿಯುತ್ತದೆ. ಬಿಚ್ಚದಿದ್ದರೆ ಹಗ್ಗವನ್ನು ಜಗ್ಗಾಡುತ್ತಾ ನಿಲ್ಲದೆ ಇಳಿಸಿ ಬಿಡಿಸುವುದೇ ಸರಿ.

ನವೆಂಬರ್ 1ಕ್ಕೆ ಕನ್ನಡ ಬಾವುಟವನ್ನೂ ಅದೇ ಕಂಬಕ್ಕೆ ಕಟ್ಟಬಹುದಾ?

ಅದೇ ಕಂಬಕ್ಕೆ ಕೂಡದು. ರಾಷ್ಟ್ರಧ್ವಜವಿರುವ ಕಂಬದಲ್ಲಿ ಬೇರೆ ಯಾವ ಧ್ವಜವೂ ಇರುವಂತಿಲ್ಲ. ಅದಕ್ಕಿಂತ ಎತ್ತರದಲ್ಲಾಗಲೀ ಅದರ ಸರಿಸಮಕ್ಕಾಗಲೀ ಮತ್ತೊಂದನ್ನು ನಿಲ್ಲಿಸುವಂತಿಲ್ಲ. ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರ ಕಾಲದಿಂದ ಬಂದ ಹಳದಿ ಕೆಂಪಿನ ಬಾವುಟವನ್ನು ಬೇರೆ ಕಂಬದಲ್ಲಿ, ಸ್ವಲ್ಪ ಅಂತರ ಬಿಟ್ಟು, ತಗ್ಗಿನಲ್ಲಿ ಹಾರಿಸಿದರೆ ಯಾವ ಧ್ವಜಕ್ಕೂ ಕುಂದಿಲ್ಲ. 2018ರ ಮಾರ್ಚ್‌ನಲ್ಲಿ ರಾಜ್ಯ ಸಚಿವ ಸಂಪುಟವು ನಡುವೆ ಬಿಳಿಯ ಪಟ್ಟಿ ಮತ್ತು ಗಂಡಭೇರುಂಡವಿರುವ ನಾಡಧ್ವಜದ ವಿನ್ಯಾಸವನ್ನು ಒಪ್ಪಿ ಕೇಂದ್ರಕ್ಕೆ ಕಳುಹಿಸಿತ್ತು. ಜನ ಬಳಸುತ್ತಿರುವುದು ಹಳೆಯದನ್ನೇ.

ಆಗಸ್ಟ್‌ನಲ್ಲಿ ನನ್ನ ಕಾರಿಗೆ, ಬೈಕಿಗೆ ಧ್ವಜ ಕಟ್ಟಿದರೆ ಪೊಲೀಸರು ಹಿಡೀತಾರಾ?

ಹಿಡಿಯುವುದು ಬಿಡುವುದು ಅವರಿಗೆ ಬಿಟ್ಟದ್ದು, ಆದರೆ ನಿಯಮ ನಿಮ್ಮ ಪರವಾಗಿಲ್ಲ. ಮೋಟಾರು ವಾಹನದ ಮೇಲೆ ಧ್ವಜ ಹಾರಿಸುವ ಹಕ್ಕು ರಾಷ್ಟ್ರಪತಿ, ಉಪರಾಷ್ಟ್ರಪತಿ, ರಾಜ್ಯಪಾಲರು, ಪ್ರಧಾನಿ, ಮುಖ್ಯಮಂತ್ರಿ, ಮಂತ್ರಿಗಳು, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳು ಮುಂತಾಗಿ ಪಟ್ಟಿಮಾಡಿದ ಕೆಲವರಿಗೆ ಮಾತ್ರ ಇದೆ. ಶಾಸಕರು, ಜಿಲ್ಲಾಧಿಕಾರಿಗಳು, ಮಹಾನಗರ ಪಾಲಿಕೆಯ ಮೇಯರ್ ಆ ಪಟ್ಟಿಯಲ್ಲಿಲ್ಲ.

ತಿರಂಗಾ ಸೀರೆ, ಟೀ ಶರ್ಟು, ಕೇಕು?

ಸೊಂಟದಿಂದ ಕೆಳಗೆ ಧರಿಸುವ ಉಡುಪಿನಲ್ಲಿ, ಒಳಉಡುಪಿನಲ್ಲಿ, ಕರವಸ್ತ್ರ, ದಿಂಬು, ನ್ಯಾಪ್ಕಿನ್‌ಗಳಲ್ಲಿ ಧ್ವಜವನ್ನು ಬಳಸುವಂತಿಲ್ಲ. ಮೂರು ಬಣ್ಣದ ಅಂಚಿರುವ ಸೀರೆ ಬೇರೆ, ಚಕ್ರಸಹಿತವಾದ ಧ್ವಜವನ್ನೇ ಮುದ್ರಿಸಿದ ಸೀರೆ ಬೇರೆ. ಕೇಕಿನ ಮಟ್ಟಿಗೆ ಮದ್ರಾಸ್ ಹೈಕೋರ್ಟು 2021ರಲ್ಲಿ, ತ್ರಿವರ್ಣದ ಕೇಕು ಕತ್ತರಿಸಿದ್ದು ಅಪರಾಧವಲ್ಲವೆಂದು ಹೇಳಿದೆ. ಆದರೂ ಚಕ್ರದ ಮೇಲೆ ಚಾಕು ಆಡಿಸಲು ನನಗಂತೂ ಕೈ ಬಾರದು.

## ಇನ್ನೂ ಸೂಕ್ಷ್ಮವಾದವು

ನಮ್ಮ ಸಂಸ್ಥೆಯ ಸ್ಥಾಪಕರು ತೀರಿಹೋದರು. ಧ್ವಜವನ್ನು ಅರ್ಧಕ್ಕೆ ಇಳಿಸಬಹುದಾ?

ಇಳಿಸಬಾರದು. ಅರ್ಧಕ್ಕೆ ಹಾರಿಸುವುದು ಸರ್ಕಾರ ಶೋಕ ಘೋಷಿಸಿದಾಗ, ಅದು ಸೂಚಿಸಿದ ಕಡೆ ಮಾತ್ರ. ಸಂಸ್ಥೆಯ ಸ್ವಂತ ಧ್ವಜವಿದ್ದರೆ ಅದನ್ನು ಅರ್ಧಕ್ಕೆ ಇಳಿಸಲು ಅಡ್ಡಿಯಿಲ್ಲ. ಸರ್ಕಾರಿ ಆದೇಶ ಬಂದಾಗಲೂ ಕ್ರಮವೊಂದಿದೆ: ಧ್ವಜವನ್ನು ಮೊದಲು ತುದಿಯವರೆಗೆ ಏರಿಸಿ ಅನಂತರ ಅರ್ಧಕ್ಕೆ ತರಬೇಕು, ಸಂಜೆ ಇಳಿಸುವ ಮುನ್ನ ಮತ್ತೆ ತುದಿಗೆ ಒಯ್ದೇ ಇಳಿಸಬೇಕು. ನೇರವಾಗಿ ಅರ್ಧದಲ್ಲಿ ಕಟ್ಟಿಬಿಡುವುದು ಕಚೇರಿಗಳಲ್ಲೂ ಆಗುವ ತಪ್ಪು.

ನಮ್ಮ ತಂದೆ ಸೈನ್ಯದಲ್ಲಿದ್ದು ನಿವೃತ್ತರಾದವರು. ಅವರ ಪಾರ್ಥಿವ ಶರೀರಕ್ಕೆ ಧ್ವಜ ಹೊದಿಸಬಹುದೇ?

ಕುಟುಂಬದವರು ತಾವಾಗಿ ನಿರ್ಧರಿಸಿ ಹೊದಿಸುವಂತಿಲ್ಲ. ಸರ್ಕಾರಿ ಗೌರವದ, ಸೇನೆಯ ಅಥವಾ ಕೇಂದ್ರ ಅರೆಸೇನಾ ಪಡೆಗಳ ಅಂತ್ಯಕ್ರಿಯೆಗಳಲ್ಲಿ ಮಾತ್ರ ಅದಕ್ಕೆ ಅವಕಾಶವಿದೆ. ಹೊದಿಸಿದಾಗ ಕೇಸರಿ ತಲೆಯ ಕಡೆಗಿರಬೇಕು, ಧ್ವಜವನ್ನು ಗುಂಡಿಗೆ ಇಳಿಸಬಾರದು, ಚಿತೆಯಲ್ಲಿ ಸುಡಬಾರದು. ದುಃಖದ ಹೊತ್ತಿನಲ್ಲಿ ಈ ಮಾತನ್ನು ಹೇಳುವುದು ಕಷ್ಟ. ಆದ್ದರಿಂದ ಊರಿನ ಹಿರಿಯರೊಬ್ಬರು ಮೊದಲೇ ತಿಳಿದಿದ್ದರೆ ಒಳ್ಳೆಯದು.

ವೇದಿಕೆಯ ಹಿಂದಿನ ಗೋಡೆಗೆ ಧ್ವಜವನ್ನು ಉದ್ದುದ್ದ ಇಳಿಬಿಡುವುದಾದರೆ ಕೇಸರಿ ಯಾವ ಕಡೆ ಬರಬೇಕು?

ನೋಡುವವರ ಎಡಕ್ಕೆ. ಅಡ್ಡಲಾಗಿ ಹರಡಿದರೆ ಕೇಸರಿ ಮೇಲೆ. ಭಾಷಣಕಾರರ ಹಿಂದೆ, ಅವರ ತಲೆಗಿಂತ ಎತ್ತರದಲ್ಲಿರಬೇಕು. ಕೋಲಿಗೆ ಕಟ್ಟಿ ನಿಲ್ಲಿಸುವುದಾದರೆ ಭಾಷಣಕಾರರ ಬಲಕ್ಕೆ. ಮೇಜಿನ ಹೊದಿಕೆಯಾಗಿ ಬಳಸುವಂತಿಲ್ಲ.

ಧ್ವಜದ ವಿನ್ಯಾಸ ಬದಲಾಗಬೇಕು ಅಂತ ಹೇಳಿದರೂ ದೇಶದ್ರೋಹವಾ?

ಅಲ್ಲ. 1971ರ ಕಾಯಿದೆಯೇ ತನ್ನ ವಿವರಣೆಯಲ್ಲಿ, ಕಾನೂನುಬದ್ಧ ಮಾರ್ಗದಿಂದ ಧ್ವಜವನ್ನು ಬದಲಿಸಬೇಕೆಂಬ ಉದ್ದೇಶದ ಟೀಕೆ ಅಪರಾಧವಲ್ಲವೆಂದು ಹೇಳಿದೆ. ಚರಕ ಹೋಗಿ ಚಕ್ರ ಬಂದದ್ದು ಗಾಂಧೀಜಿಯವರಿಗೇ ಹಿಡಿಸಿರಲಿಲ್ಲ, ಅವರು ಅದನ್ನು ಬರೆದೂ ಹೇಳಿದರು.

ಹರಿದುಹೋದ ಧ್ವಜವನ್ನು ಏನು ಮಾಡಬೇಕು? ಮನೆಯಲ್ಲಿ ಮೂರ್ನಾಲ್ಕು ಸೇರಿಕೊಂಡಿವೆ.

ಒರೆಸುವ ಬಟ್ಟೆ ಮಾಡಬೇಡಿ, ಕಸದ ಗಾಡಿಗೆ ಹಾಕಬೇಡಿ. ಇಡೀ ಧ್ವಜವನ್ನು ಖಾಸಗಿಯಾಗಿ, ಸಾಧ್ಯವಾದರೆ ಸುಟ್ಟು, ಇಲ್ಲವೇ ಅದರ ಘನತೆಗೆ ಒಪ್ಪುವ ಬೇರೆ ರೀತಿಯಲ್ಲಿ ನಾಶಮಾಡಬೇಕೆಂದು ಸಂಹಿತೆ ಹೇಳುತ್ತದೆ. ಬೀದಿಯಲ್ಲಿ ಸುಟ್ಟರೆ ಅಪರಾಧವಾಗುವುದು ಹಿತ್ತಲಿನಲ್ಲಿ ಗೌರವದಿಂದ ಸುಟ್ಟರೆ ಸರಿಯಾದ ವಿಲೇವಾರಿಯಾಗುತ್ತದೆ ಎಂಬುದು ಹಲವರಿಗೆ ವಿಚಿತ್ರವೆನಿಸುತ್ತದೆ. ಖಾದಿ ಒಂದು ಹಿಡಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕುತ್ತದೆ, ಹೊಗೆ ಕೆಟ್ಟದ್ದು. ಆದ್ದರಿಂದ ಪಾಲಿಯೆಸ್ಟರ್ ಧ್ವಜಗಳನ್ನು ಮಡಿಸಿ ಬಿಳಿಯ ಬಟ್ಟೆಯಲ್ಲಿ ಸುತ್ತಿ, ಯಾರೂ ಓಡಾಡದ ಕಡೆ ಆಳವಾಗಿ ಹೂಳುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಮಕ್ಕಳು ಬೀಸುವ ಕಾಗದದ ಧ್ವಜಗಳಿಗೂ ನಿಯಮ ಇದೇ, ನೆಲದ ಮೇಲೆ ಎಸೆಯುವಂತಿಲ್ಲ. ಮೆರವಣಿಗೆ ಮುಗಿದ ಮಧ್ಯಾಹ್ನ ಸೇವಾದಳದ ಹುಡುಗರನ್ನು ಒಂದು ಚೀಲ ಕೊಟ್ಟು ಪಿ.ಬಿ. ರಸ್ತೆಯುದ್ದಕ್ಕೂ ನಡೆಸಿದರೆ ಚೀಲ ತುಂಬಿಯೇ ಬರುತ್ತದೆ.